ಮಾಲು ಹೋಗಲಿಲ್ಲ ಎಂದಾಗ ಮನೆಗೆ ಹೋದವರು ಯಾರು?



ಸೋಲಾಪುರ ಎಂದ ಕೂಡಲೇ ಹೊರಗಿನವರ ಬಾಯಲ್ಲಿ ಎರಡು ಮಾತು ಬರುತ್ತವೆ. ಒಂದು ಚಾದರ್, ಇನ್ನೊಂದು ಗಿರಣಿ. ಚಾದರ್ ಇನ್ನೂ ಐತಿ. ಆದರೆ ಭೋಂಗಾ ಊದಿ ಊರನ್ನೇ ಎಬ್ಬಿಸುತ್ತಿದ್ದ ದೊಡ್ಡ ಗಿರಣಿಗಳು ಒಂದೊಂದಾಗಿ ನಿಂತುಹೋದವು. ಅಕ್ಕಲಕೋಟ, ಜತ್ತ, ಇಂಡಿ, ಆಳಂದದ ಕಡೆಯಿಂದ ರೊಟ್ಟಿ ಗಂಟು ಕಟ್ಟಿಕೊಂಡು ಬಂದು ಆ ಗಿರಣಿಗಳಲ್ಲಿ ದುಡಿದ ಮನೆತನಗಳು ನಮ್ಮಲ್ಲಿ ಎಷ್ಟೋ ಅದಾವ. ಗಿರಣಿ ಯಾಕೆ ಮುಚ್ಚಿತು ಎಂದು ಹಿರಿಯರನ್ನು ಕೇಳಿ ನೋಡಿರಿ. ಒಬ್ಬರು ಯೂನಿಯನ್ನಿಂದ ಎನ್ನುತ್ತಾರೆ. ಇನ್ನೊಬ್ಬರು ಮಾಲಕರು ತಿಂದು ಹಾಕಿದರು ಎನ್ನುತ್ತಾರೆ. ಮೂರನೆಯವರು ಸುಮ್ಮನೆ, 'ಮಾಲು ಹೋಗಲಿಲ್ಲಪಾ' ಎಂದುಬಿಡುತ್ತಾರೆ.

ಈ ಮೂರನೆಯ ಮಾತನ್ನೇ ಹಿಡಿದು ಸ್ವಲ್ಪ ಇತಿಹಾಸ ನೋಡೋಣ. ಮಾಲು ಹೋಗದಷ್ಟು ಯಂತ್ರ ಕೂಡಿಸಿದವರು ಯಾರು? ಮಾಲು ಹೋಗುತ್ತಿದ್ದಾಗ ಬಂದ ರೊಕ್ಕ ಎಲ್ಲಿ ಹೋಯಿತು? ಮಾಲು ನಿಂತಾಗ ಮೊದಲು ಹೊರಗೆ ಬಿದ್ದವರು ಯಾರು? ಈ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ನಮ್ಮ ಸಮಾಜದ ನೂರು ವರ್ಷದ ಇತಿಹಾಸದ ಒಂದು ತುಂಡು ಕೈಗೆ ಸಿಕ್ಕಂತೆ.

ಮೂರು ಗಿರಣಿ, ಒಂದು ಊರಿನ ಜೋಳ

ದೊಡ್ಡ ಪುಸ್ತಕಗಳು ಇದಕ್ಕೆ 'ಬೇಡಿಕೆಗಿಂತ ಹೆಚ್ಚಿನ ಉತ್ಪಾದನಾ ಸಾಮರ್ಥ್ಯ' ಎನ್ನುತ್ತವೆ. ಹೆಸರು ಉದ್ದ, ಸಂಗತಿ ಸಣ್ಣದು. ಒಂದು ಹಳ್ಳಿಯಲ್ಲಿ ಒಂದು ಹಿಟ್ಟಿನ ಗಿರಣಿ ಇದೆ ಎಂದುಕೊಳ್ಳಿ. ದಿನವಿಡೀ ಜೋಳ ಬೀಸಿ ಚಲೋ ಗಳಿಸುತ್ತದೆ. ಅದನ್ನು ಕಂಡು ಇನ್ನಿಬ್ಬರು ಸಾಲ ಮಾಡಿ ಗಿರಣಿ ಹಾಕುತ್ತಾರೆ. ಗಿರಣಿ ಮೂರಾದವು, ಆದರೆ ಊರಿನ ಜೋಳ ಇದ್ದಷ್ಟೇ. ಈಗ ಯಾರಿಗೂ ದಿನತುಂಬ ಕೆಲಸವಿಲ್ಲ.

ಆಗ ಬುದ್ಧಿವಂತರಾದವರು ಒಂದು ಗಿರಣಿ ನಿಲ್ಲಿಸಬೇಕಲ್ಲವೇ? ಹಾಗೆ ಆಗುವುದಿಲ್ಲ. ಗಿರಣಿ ನಡೆದರೂ ನಿಂತರೂ ಸಾಲದ ಬಡ್ಡಿ ನಿಲ್ಲುವುದಿಲ್ಲ, ಜಾಗದ ಬಾಡಿಗೆ ನಿಲ್ಲುವುದಿಲ್ಲ. ಆದ್ದರಿಂದ ಪ್ರತಿಯೊಬ್ಬನೂ 'ಸುಮ್ಮನೆ ನಿಲ್ಲುವ ಬದಲು ಕಡಿಮೆ ದರಕ್ಕಾದರೂ ಬೀಸೋಣ' ಎನ್ನುತ್ತಾನೆ. ಒಬ್ಬೊಬ್ಬನ ಲೆಕ್ಕ ಸರಿಯೇ. ಮೂವರ ಲೆಕ್ಕ ಕೂಡಿದಾಗ ಮಾತ್ರ ದರ ಬಿದ್ದು ಮೂವರೂ ಮುಳುಗುತ್ತಾರೆ. ಬಡ್ಡಿ ಕಡಿಮೆ ಮಾಡಲು ಸಾವಕಾರ ಒಪ್ಪುವುದಿಲ್ಲ. ಕರೆಂಟಿನ ಬಿಲ್ಲು ಕಡಿಮೆಯಾಗುವುದಿಲ್ಲ. ಉಳಿಯುವುದು ಒಂದೇ: ಗಿರಣಿಯಲ್ಲಿ ಹಿಟ್ಟು ಬಳಿಯುವ ಆಳಿನ ಪಗಾರ. ಕತ್ತಿ ಅಲ್ಲೇ ಬೀಳುತ್ತದೆ.

ಈ ಸಣ್ಣ ಲೆಕ್ಕವನ್ನು ನೆನಪಿನಲ್ಲಿಡಿ. ಮುಂದೆ ಬರುವ ದೊಡ್ಡ ಕಥೆಯೂ ಇದೇ ಲೆಕ್ಕ.

ಮುಂಬೈಯ ಸುಗ್ಗಿ ಕಾಲ

ಕಾವಸಜಿ ನಾನಾಭಾಯಿ ದಾವರ ಎಂಬವರು 1854ರಲ್ಲಿ ಕಂಪನಿ ಕಟ್ಟಿ, 1856ರಲ್ಲಿ ಮುಂಬೈಯ ಮೊದಲ ಹತ್ತಿ ಗಿರಣಿಯನ್ನು ಶುರು ಮಾಡಿದರು. ಅಲ್ಲಿಂದ ಮುಂದೆ ಗಿರಣಿಗಳ ಸಾಲೇ ಎದ್ದಿತು. ಸೋಲಾಪುರದಲ್ಲಿ 'ಜುನಿ ಗಿರಣಿ' ಎಂದು ಹೆಸರಾದ ಸೋಲಾಪುರ ಸ್ಪಿನ್ನಿಂಗ್ ಅಂಡ್ ವೀವಿಂಗ್ ಕಂಪನಿ ಹುಟ್ಟಿದ್ದೂ 1870ರ ದಶಕದಲ್ಲೇ. ಮುಂಬೈ ಗಿರಣಿಗಳ ನೂಲು ಹೆಚ್ಚಾಗಿ ಚೀನಾಕ್ಕೆ ಹೋಗುತ್ತಿತ್ತು. ಅಂದರೆ ಇಲ್ಲಿಯ ಪಗಾರ ಅಲ್ಲಿಯ ಸಂತೆಯ ಮೇಲೆ ನಿಂತಿತ್ತು. 1893ರಲ್ಲಿ ಬ್ರಿಟಿಷ್ ಸರಕಾರ ಬೆಳ್ಳಿಯನ್ನು ತಂದುಕೊಟ್ಟವರಿಗೆ ರೂಪಾಯಿ ಟಂಕಿಸಿ ಕೊಡುವುದನ್ನು ನಿಲ್ಲಿಸಿತು. ಬೆಳ್ಳಿಯ ನಾಣ್ಯದ ಚೀನಾಕ್ಕೆ ನಮ್ಮ ನೂಲು ತುಟ್ಟಿಯಾಯಿತು. ಅದರ ಜತೆಗೆ ಜಪಾನು ತನ್ನದೇ ಗಿರಣಿ ಕಟ್ಟಿ ಚೀನಾದ ಸಂತೆಗೆ ಇಳಿಯಿತು.

ಇನ್ನೊಂದು ಸಂಗತಿ ಗಮನಿಸಿರಿ. ಗಿರಣಿಗಳನ್ನು ನಡೆಸುತ್ತಿದ್ದವರು 'ಮ್ಯಾನೇಜಿಂಗ್ ಏಜೆಂಟರು'. ಮೊದಮೊದಲು ಅವರ ಕಮಿಷನ್ ಲಾಭದ ಮೇಲೆ ಇರಲಿಲ್ಲ, ತಯಾರಾದ ಮಾಲಿನ ಮೇಲೆ ಇತ್ತು. ಒಂದು ಪೌಂಡ್ ನೂಲು ತೆಗೆದರೆ ಕಾಲು ಆಣೆ. ನೂಲು ಮಾರಾಟವಾಗಲಿ, ಗೋದಾಮಿನಲ್ಲಿ ಕೊಳೆಯಲಿ, ಷೇರುದಾರನಿಗೆ ನಷ್ಟವಾಗಲಿ, ಏಜೆಂಟನ ಕಾಲು ಆಣೆ ಪಕ್ಕಾ. ಇಂಥ ವ್ಯವಸ್ಥೆಯಲ್ಲಿ ಬೇಡಿಕೆಯನ್ನು ನೋಡಿ ನೂಲು ತೆಗೆಯುವವರು ಯಾರು? ಕಮಿಷನ್ನಿನ ಪದ್ಧತಿ ನಂತರ ಬದಲಾಯಿತು, ಆದರೆ ಏಜೆಂಟರ ಹಿಡಿತ ದಶಕಗಟ್ಟಲೆ ಉಳಿಯಿತು.

1914ರಲ್ಲಿ ಮೊದಲ ಮಹಾಯುದ್ಧ ಬಂತು. ಇಂಗ್ಲೆಂಡಿನ ಹಡಗುಗಳು ಯುದ್ಧಕ್ಕೆ ಹೋದವು, ಲ್ಯಾಂಕಶೈರಿನ ಬಟ್ಟೆ ಬರುವುದು ಕಡಿಮೆಯಾಯಿತು. ಬಟ್ಟೆಯ ದರ ಏರಿತು. 1917ರಿಂದ 1922ರವರೆಗೆ ಮುಂಬೈ ಗಿರಣಿಗಳಿಗೆ ಹಿಂದೆಂದೂ ಕಾಣದ ಸುಗ್ಗಿ. ಆ ರೊಕ್ಕದಲ್ಲಿ ಒಂದು ಪಾಲು ಭಾರೀ ಡಿವಿಡೆಂಡಾಗಿ ಷೇರುದಾರರ ಮನೆ ಸೇರಿತು. ಕೆಲವು ಗಿರಣಿಗಳು ಮೂಲ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚಿಗೆ ಕೈಬದಲಾದವು. ಹೊಸ ಮಗ್ಗ, ಹೊಸ ಕದಿರು ಬಂದವು. ಸುಗ್ಗಿ ಮುಗಿಯುವುದೇ ಇಲ್ಲ ಎಂಬಂತೆ ಎಲ್ಲರೂ ನಡೆದುಕೊಂಡರು.

1923ಕ್ಕೆ ಸುಗ್ಗಿ ಮುಗಿದಿತ್ತು. ವಿದೇಶಿ ಬಟ್ಟೆ ಮತ್ತೆ ಬಂತು. ಜಪಾನಿನ ಗಿರಣಿಗಳು ಹೆಂಗಸರನ್ನು ರಾತ್ರಿಪಾಳಿಗೂ ದುಡಿಸಿ ಒಂದೇ ಯಂತ್ರದಿಂದ ಇಮ್ಮಡಿ ಮಾಲು ತೆಗೆಯುತ್ತಿದ್ದವು. ಅಹ್ಮದಾಬಾದ್, ಸೋಲಾಪುರದಂಥ ಊರುಗಳ ಗಿರಣಿಗಳು ಹತ್ತಿ ಬೆಳೆಯುವ, ಬಟ್ಟೆ ಕೊಳ್ಳುವ ಜನರ ಹತ್ತಿರವೇ ಇದ್ದವು. ಮುಂಬೈಯಲ್ಲಿ ಯಂತ್ರ ಹೆಚ್ಚು, ಗಿರಾಕಿ ಕಡಿಮೆ.

ಈಗ ಹಿಟ್ಟಿನ ಗಿರಣಿಯ ಲೆಕ್ಕ ನೆನಪಿಸಿಕೊಳ್ಳಿ. ಸುಗ್ಗಿ ಕಾಲದಲ್ಲಿ ಕೊಡುತ್ತಿದ್ದ ಬೋನಸ್ಸನ್ನು ಮಾಲಕರು ನಿಲ್ಲಿಸಿದರು. 1924ರ ಆರಂಭದಲ್ಲಿ ಮುಷ್ಕರವಾಯಿತು. 1925ರಲ್ಲಿ ಪಗಾರದಲ್ಲಿ ನೂರಕ್ಕೆ ಹನ್ನೊಂದೂವರೆ ಕಡಿತ ಮಾಡಿದರು. ಮತ್ತೆ ದೊಡ್ಡ ಮುಷ್ಕರ. ಸರಕಾರ ಬಟ್ಟೆಯ ಮೇಲಿನ ಮೂರೂವರೆ ಶೇಕಡ ಅಬಕಾರಿ ತೆರಿಗೆಯನ್ನು ಕೈಬಿಟ್ಟ ಮೇಲೆ ಆ ಕಡಿತ ಹಿಂದಕ್ಕೆ ಹೋಯಿತು. ಲಾಭ ಬಂದಾಗ ಅದು ಮಾಲಕರದು, ನಷ್ಟ ಬಂದಾಗ ಅದು ಎಲ್ಲರದು. ಉಂಡೂ ಹೋದ, ಕೊಂಡೂ ಹೋದ ಅಂತಾರಲ್ಲ, ಹಂಗ.

ಲಾಳಿಗೆ ತಾಗಿದ ತುಟಿ

ಇಲ್ಲಿಂದ ಕಥೆ ನಮ್ಮ ಕೇರಿಗೆ ಬರುತ್ತದೆ.

ಗಿರಣಿಯಲ್ಲಿ ಖಾತೆಗಳು ಬೇರೆ ಬೇರೆ. ನೂಲುವ ಖಾತೆ ಒಂದು, ನೇಯುವ ಖಾತೆ ಇನ್ನೊಂದು. ನೇಯುವವನಿಗೆ ಪಗಾರ ಹೆಚ್ಚು, ಮರ್ಯಾದೆ ಹೆಚ್ಚು. ನೂಲುವ ಖಾತೆಯಲ್ಲಿ ಕದಿರಿನ ಸಾಲಿನ ಮುಂದೆ ನಿಂತು ಹರಿದ ಎಳೆ ಕೂಡಿಸುವವನಿಗೆ ಎರಡೂ ಕಡಿಮೆ. ಅಸ್ಪೃಶ್ಯ ಜಾತಿಗಳಿಂದ ಬಂದ ಕೆಲಸಗಾರರಿಗೆ ಸಿಗುತ್ತಿದ್ದುದು ಹೆಚ್ಚಾಗಿ ನೂಲುವ ಖಾತೆ. ನೇಯುವ ಖಾತೆಯ ಬಾಗಿಲು ಮುಚ್ಚಿತ್ತು.

ಕಾರಣ ಕೇಳಿರಿ. ಲಾಳಿಯೊಳಗಿನ ಕಂಡಿಕೆಯ ನೂಲು ಮುಗಿದಾಗ ಹೊಸ ಕಂಡಿಕೆ ಹಾಕಿ, ಎಳೆಯ ತುದಿಯನ್ನು ಲಾಳಿಯ ತೂತಿನಿಂದ ಬಾಯಲ್ಲಿ ಎಳೆದುಕೊಳ್ಳಬೇಕಿತ್ತು. ಒಬ್ಬನ ತುಟಿ ತಾಗಿದ ಲಾಳಿ ಇನ್ನೊಬ್ಬನ ತುಟಿಗೂ ತಾಗುತ್ತದೆ. ಅಸ್ಪೃಶ್ಯನ ಎಂಜಲು ತಾಗಿದ ಲಾಳಿಯನ್ನು ನಾವು ಮುಟ್ಟುವುದಿಲ್ಲ ಎಂದು ಸವರ್ಣ ನೇಕಾರರು ಹಟ ಹಿಡಿದಿದ್ದರು. ಇಂಗ್ಲೆಂಡಿನಿಂದ ಬಂದ ಯಂತ್ರ, ಉಗಿಯಿಂದ ನಡೆಯುವ ಗಿರಣಿ, ದೇಶದೇಶಕ್ಕೆ ಹೋಗುವ ಮಾಲು. ಇಷ್ಟೆಲ್ಲ ಹೊಸತು ಬಂದರೂ ಜಾತಿ ಮಾತ್ರ ಲಾಳಿಯ ತೂತಿನಲ್ಲಿ ಕೂತಿತ್ತು.

1928ರ ಹೊತ್ತಿಗೆ ಮಾಲಕರು ಖರ್ಚು ತಗ್ಗಿಸಲು ಹೊಸ ಉಪಾಯ ತಂದರು. ಎರಡು ಮಗ್ಗ ನೋಡುತ್ತಿದ್ದವನು ಮೂರು ನೋಡಬೇಕು. ಕದಿರಿನ ಒಂದು ಬದಿ ನೋಡುತ್ತಿದ್ದವನು ಎರಡು ಬದಿ ನೋಡಬೇಕು. ಇದರ ಅರ್ಥ ಬಿಡಿಸಿ ನೋಡಿರಿ. ಒಬ್ಬ ಎರಡು ಬದಿ ನೋಡಿದರೆ, ಎರಡನೆಯವನಿಗೆ ಕೆಲಸವಿಲ್ಲ. ನೂಲುವ ಖಾತೆಯಲ್ಲಿ ಇದ್ದವರು ಯಾರು? ನಮ್ಮವರು. ಅಲ್ಲಿಂದ ಹೊರಬಿದ್ದವನು ನೇಯುವ ಖಾತೆಗೆ ಹೋಗಬಹುದೇ? ಆ ಬಾಗಿಲು ಮುಚ್ಚಿದೆ. ಅಂದರೆ ಮಾಲು ಹೆಚ್ಚಾದ ಕಷ್ಟ ಎಲ್ಲ ಕೆಲಸಗಾರರಿಗೂ ಬಂತು ನಿಜ. ಆದರೆ ಬೇರೆಯವರಿಗೆ ಇನ್ನೊಂದು ಬಾಗಿಲು ಇತ್ತು, ನಮ್ಮವರಿಗೆ ಇದ್ದದ್ದು ಒಂದೇ. ಹೆಂಗಸರ ಪಾಡೂ ಇಂಥದೇ. ನೂಲನ್ನು ಲಡಿ ಸುತ್ತುವ ಕೆಲಸ ಹೆಂಗಸರದಾಗಿತ್ತು. ಚೀನಾಕ್ಕೆ ನೂಲು ಹೋಗುವುದು ಕುಗ್ಗಿದಂತೆ ಆ ಕೆಲಸವೂ ಕುಗ್ಗುತ್ತ ಬಂತು.

1928ರ ಏಪ್ರಿಲ್‌ನಲ್ಲಿ ಮುಂಬೈಯಲ್ಲಿ ಸಾರ್ವತ್ರಿಕ ಮುಷ್ಕರ ಶುರುವಾಯಿತು. ಸುಮಾರು ಒಂದೂವರೆ ಲಕ್ಷ ಕೆಲಸಗಾರರು ಅಕ್ಟೋಬರ್‌ವರೆಗೆ ಹೊರಗಿದ್ದರು. ಮುಷ್ಕರ ಸಮಿತಿ ಮಾಲಕರ ಮುಂದೆ 17 ಬೇಡಿಕೆಗಳನ್ನಿಟ್ಟಿತು. ಆಗ ಬಾಬಾಸಾಹೇಬ ಅಂಬೇಡ್ಕರರು ಸಮಿತಿಯ ನಾಯಕರಿಗೆ ಒಂದು ಮಾತು ಕೇಳಿದರು: ಅಸ್ಪೃಶ್ಯ ಕೆಲಸಗಾರರಿಗೆ ಎಲ್ಲ ಖಾತೆಗಳ ಬಾಗಿಲು ತೆರೆಯಬೇಕೆಂಬುದು ನಿಮ್ಮ ಬೇಡಿಕೆಯಲ್ಲಿ ಯಾಕಿಲ್ಲ? ಅದನ್ನು ಸೇರಿಸದಿದ್ದರೆ ನಮ್ಮ ಜನ ಮುಷ್ಕರದಲ್ಲಿ ಉಳಿಯಬೇಕಾಗಿಲ್ಲ ಎಂದೂ ಎಚ್ಚರಿಸಿದರು. ನಾಯಕರು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು. ಮಾಲಕರ ಮುಂದೆ ಅದು ಬಂದಾಗ ಅವರು ಕೊಟ್ಟ ಉತ್ತರ ಇನ್ನೂ ಹರಿತ. ಅನ್ಯಾಯವೇ ಇದ್ದರೆ ಅದಕ್ಕೆ ಹೊಣೆ ನಾವಲ್ಲ, ತಡೆಯುತ್ತಿರುವವರು ಕೆಲಸಗಾರರೇ ಎಂಬ ಧಾಟಿಯಲ್ಲಿ ಕೈತೊಳೆದುಕೊಂಡರು. ದುಡಿಯುವವರ ಒಗ್ಗಟ್ಟಿನಲ್ಲಿ ಎಷ್ಟು ದೊಡ್ಡ ಬಿರುಕಿದೆ ಎಂಬುದನ್ನು ಆ ಉತ್ತರ ಎಲ್ಲರೆದುರು ತೋರಿಸಿತು.

ಹತ್ತು ವರ್ಷದ ನಂತರ, 1938ರ ಫೆಬ್ರುವರಿಯಲ್ಲಿ ಮನಮಾಡದಲ್ಲಿ ನಡೆದ ರೈಲ್ವೆಯ ದಲಿತ ಕಾರ್ಮಿಕರ ಸಮ್ಮೇಳನದಲ್ಲಿ ಬಾಬಾಸಾಹೇಬರು ಈ ದೇಶದ ಕೆಲಸಗಾರರಿಗೆ ಇಬ್ಬರು ಶತ್ರುಗಳು, ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ, ಎಂದು ಹೇಳಿದ್ದು ಸುಮ್ಮನೆ ಆವೇಶದ ಮಾತಲ್ಲ. ಲಾಳಿಯ ಕಥೆ ತಿಳಿದವರಿಗೆ ಅದರ ಲೆಕ್ಕ ತಿಳಿಯುತ್ತದೆ.

ಜುನಿ ಗಿರಣಿಯ ಬೀಗ

ಈಗ ಸೋಲಾಪುರಕ್ಕೆ ಬರೋಣ. ಇಲ್ಲಿಯ ಗಿರಣಿಗಳಿಗೆ ಕೈಗಳು ಬೇಕಾದಾಗ ಎಲ್ಲಿಂದ ಬಂದವು? ಬರಗಾಲದ ಹಳ್ಳಿಗಳಿಂದ ಬಂದವು, ತೆಲುಗು ಸೀಮೆಯಿಂದ ಬಂದವು. ಜತೆಗೆ, ಬ್ರಿಟಿಷರು 'ಗುನ್ಹೆಗಾರ' ಎಂಬ ಹಣೆಪಟ್ಟಿ ಹಚ್ಚಿ ಬೇಲಿಯೊಳಗೆ ಕೂಡಿಹಾಕಿದ ಜಾತಿಗಳ ಸೆಟಲ್‌ಮೆಂಟಿನಿಂದಲೂ ಜನರನ್ನು ಗಿರಣಿಗೆ ಕಳಿಸುತ್ತಿದ್ದರು. ಹುಟ್ಟಿನಿಂದಲೇ ಕಳ್ಳ ಎಂದು ಬರೆದಿಟ್ಟ ಮನುಷ್ಯ ಗಿರಣಿಗೆ ಬೇಕಾದಾಗ ಮಾತ್ರ ನಂಬಿಗಸ್ತ ಕೆಲಸಗಾರ!

1949ರ ಜುಲೈಯಲ್ಲಿ ಜುನಿ ಗಿರಣಿಯ ಆಡಳಿತ ಗಿರಣಿ ಮುಚ್ಚುವ ನೋಟೀಸು ಹಚ್ಚಿತು. ಆಗಸ್ಟ್ 27ಕ್ಕೆ ಬೀಗ ಬಿತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದು ಎರಡು ವರ್ಷ, ಸಂವಿಧಾನ ಇನ್ನೂ ತಯಾರಾಗುತ್ತಿತ್ತು. 1950ರ ಜನವರಿ 9ರಂದು ಸರಕಾರ ಈ ಒಂದೇ ಗಿರಣಿಗಾಗಿ ಸುಗ್ರೀವಾಜ್ಞೆ ಹೊರಡಿಸಿ ಆಡಳಿತವನ್ನು ತನ್ನ ಕೈಗೆ ತಗೊಂಡಿತು. ಆ ಆಜ್ಞೆಯ ಪೀಠಿಕೆಯಲ್ಲಿ ಕೊಟ್ಟ ಕಾರಣ ಓದಿರಿ: ಕೆಟ್ಟ ಆಡಳಿತ ಮತ್ತು ಅಲಕ್ಷ್ಯದಿಂದ ಜನರಿಗೆ ಅಗತ್ಯವಾದ ಮಾಲಿನ ಉತ್ಪಾದನೆ ಕೆಟ್ಟಿದೆ, ನಿರುದ್ಯೋಗ ಉಂಟಾಗಿದೆ ಎಂದು. ಅಂದರೆ, ಬಾಗಿಲಿಗೆ ಬೀಗ ಬಿದ್ದಾಗಲೆಲ್ಲ ತಪ್ಪು ಸಂತೆಯದೇ ಆಗಿರುವುದಿಲ್ಲ.

ಷೇರುದಾರರು ಸುಪ್ರೀಂ ಕೋರ್ಟಿಗೆ ಹೋದರು. 1950ರ ಡಿಸೆಂಬರ್‌ನಲ್ಲಿ ಚಿರಂಜಿತ್ ಲಾಲ್ ಎಂಬವರ ಅರ್ಜಿ ಬಹುಮತದಿಂದ ವಜಾ ಆಯಿತು. ಆದರೆ 1953ರ ಡಿಸೆಂಬರ್‌ನಲ್ಲಿ ದ್ವಾರಕಾದಾಸ್ ಶ್ರೀನಿವಾಸ್ ಎಂಬವರ ಪ್ರಕರಣದಲ್ಲಿ, ಪರಿಹಾರ ಕೊಡದೆ ಆಸ್ತಿ ಕಸಿದುಕೊಂಡಂತಾಯಿತು ಎಂದು ಕೋರ್ಟು ಆ ಕಾಯ್ದೆಯನ್ನು ತಳ್ಳಿಹಾಕಿತು. ವಕೀಲಿ ಓದುವ ನಮ್ಮ ಹುಡುಗರು ಇವತ್ತಿಗೂ ಈ ಎರಡು ತೀರ್ಪುಗಳನ್ನು ಓದಲೇಬೇಕು. 1955ರಲ್ಲಿ ಸಂವಿಧಾನಕ್ಕೆ ನಾಲ್ಕನೆಯ ತಿದ್ದುಪಡಿ ಬರಲು ಇಂಥ ತೀರ್ಪುಗಳು ಕಾರಣವಾದವು. ಸೋಲಾಪುರದ ಒಂದು ಗಿರಣಿಯ ಬೀಗ ದೇಶದ ಸಂವಿಧಾನವನ್ನೇ ಅಲುಗಾಡಿಸಿತು ಎಂದರೆ ಹೆಮ್ಮೆಯೂ ಹೌದು, ನೋವೂ ಹೌದು. ನೋವು ಯಾಕೆಂದರೆ ಅಲ್ಲಿ ವಾದ ನಡೆದದ್ದು ಷೇರಿನ ಹಕ್ಕಿನ ಮೇಲೆ. ಷೇರು ಆಸ್ತಿ. ಇಪ್ಪತ್ತು ವರ್ಷ ಕದಿರಿನ ಮುಂದೆ ನಿಂತವನ ಕೆಲಸ ಮಾತ್ರ ಯಾವ ಕಾಗದದಲ್ಲೂ ಆಸ್ತಿಯಲ್ಲ.

ಕೊನೆಗೆ ಬಂದವ ಮೊದಲು ಹೋಗಲಿ

ಅದೇ 1953ರಲ್ಲಿ ದೇಶದ ಬಟ್ಟೆ ಗಿರಣಿಗಳ ಗೋದಾಮುಗಳಲ್ಲಿ ಮಾಲು ರಾಶಿ ಬಿತ್ತು. ಪಾಳಿ ನಿಲ್ಲಿಸುತ್ತೇವೆ, ಜನರನ್ನು ಕೂಡಿಸುತ್ತೇವೆ ಎಂದು ಮಾಲಕರು ಹೇಳತೊಡಗಿದರು. ಸರಕಾರ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆ ತಂದು, ಅದನ್ನೇ ಕಾಯ್ದೆ ಮಾಡಿತು. ಕೆಲಸವಿಲ್ಲವೆಂದು ಕೂಡಿಸಿದ ದಿನಕ್ಕೆ ಅರ್ಧ ಪಗಾರ ಮತ್ತು ಅರ್ಧ ತುಟ್ಟಿಭತ್ಯೆ. ಕೆಲಸದಿಂದ ತೆಗೆದರೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ಪಗಾರ. ಮಾಲು ಹೆಚ್ಚಾದ ಕಷ್ಟದಲ್ಲಿ ಮಾಲಕನೂ ಒಂದು ಪಾಲು ಹೊರಬೇಕು ಎಂದು ಕಾನೂನು ಹೇಳಿತು. ಇದು ಸಣ್ಣ ಗೆಲುವಲ್ಲ.

ಆದರೆ ಆ ಕಾನೂನಿನಲ್ಲೂ ನಮ್ಮ ಕಣ್ಣಿಗೆ ಬೀಳಬೇಕಾದ ಎರಡು ಸಂಗತಿ ಇವೆ. ಒಂದು: ಬದಲಿ ಕೆಲಸಗಾರ. ದಿನಾ ಮುಂಜಾನೆ ಗೇಟಿನ ಮುಂದೆ ನಿಂತು, ಯಾರಾದರೂ ಬರದಿದ್ದರೆ ಅವರ ಜಾಗದಲ್ಲಿ ದುಡಿಯುವವನು. ಒಂದು ವರ್ಷದ ಅಖಂಡ ಸೇವೆ ತುಂಬದ ಬದಲಿಗೆ ಆ ಅರ್ಧ ಪಗಾರವಿಲ್ಲ. ಎರಡು: ಕೆಲಸದಿಂದ ತೆಗೆಯುವಾಗ ಕೊನೆಗೆ ಬಂದವನು ಮೊದಲು ಹೋಗಬೇಕು ಎಂಬ ನಿಯಮ. ಕೇಳಲು ಎಷ್ಟು ನ್ಯಾಯ! ಮುಕಾದಮನ ಮನಸ್ಸಿಗೆ ಬಂದವನನ್ನು ತೆಗೆಯುವುದಕ್ಕಿಂತ ಸಾವಿರ ಪಾಲು ಮೇಲು. ಆದರೆ ಕೊನೆಗೆ ಬಂದವನು ಯಾಕೆ ಕೊನೆಗೆ ಬಂದ? ನೇಯುವ ಖಾತೆಯ ಬಾಗಿಲನ್ನು ಅವನಿಗೆ ತಡವಾಗಿ ತೆರೆದದ್ದಕ್ಕೆ. ಲಾಳಿಯ ತೂತಿನಲ್ಲಿ ಕೂತಿದ್ದ ಜಾತಿ ಹೀಗೆ ಸೇವಾವಧಿಯ ಪಟ್ಟಿಯಲ್ಲಿ ಬಂದು ಕೂಡಬಲ್ಲದು, ಯಾರ ಕೈಬರಹವೂ ಇಲ್ಲದೆ. ಖಾಸಗಿ ಗಿರಣಿಯಲ್ಲಿ ಮೀಸಲಾತಿಯೂ ಇರಲಿಲ್ಲ ಎಂಬುದನ್ನು ಇದರ ಜತೆ ಕೂಡಿಸಿ ಓದಿರಿ.

ಗಿರಣಿ ಹೋಯಿತು, ಮಗ್ಗ ಉಳಿಯಿತು

ಮುಂದಿನದು ಬಹಳ ಜನರಿಗೆ ಗೊತ್ತಿದ್ದ ಕಥೆ. 1982ರ ಜನವರಿ 18ರಂದು ಮುಂಬೈಯಲ್ಲಿ ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕೆಲಸಗಾರರ ಮುಷ್ಕರ ಶುರುವಾಯಿತು. ಹದಿನೆಂಟು ತಿಂಗಳಿಗೂ ಮೇಲೆ ನಡೆಯಿತು. ಆ ಹೊತ್ತಿಗೆ ಬಟ್ಟೆ ನೇಯುವ ಕೆಲಸ ಭಿವಂಡಿಯಂಥ ಊರುಗಳ ಪವರ್‌ಲೂಮುಗಳಿಗೆ ಹರಿದುಹೋಗುತ್ತಿತ್ತು. ಅಲ್ಲಿ ಶೆಡ್ಡು ಸಣ್ಣದು, ಪಾಳಿ 12 ತಾಸು, ಯೂನಿಯನ್ ಇಲ್ಲ. 1985ರ ಜವಳಿ ನೀತಿ, ನಡೆಯಲಾರದ ಗಿರಣಿಗಳನ್ನು ಮುಚ್ಚಲು ದಾರಿ ಮಾಡಿಕೊಟ್ಟಿತು. 1991ರಲ್ಲಿ ಮುಂಬೈಯ ಕಟ್ಟಡ ನಿಯಮಗಳು ಗಿರಣಿ ಜಾಗದ ಮಾರಾಟಕ್ಕೆ ಬಾಗಿಲು ತೆರೆದವು. ಬೇಡಿಕೆ ಇಲ್ಲದ ಬಟ್ಟೆಯ ಗಿರಣಿ ನಿಂತ ನೆಲಕ್ಕೆ ಮಾತ್ರ ಎಲ್ಲಿಲ್ಲದ ಬೇಡಿಕೆ! ಆನೆ ಬಿದ್ದರೂ ಕುದುರೆಯ ಎತ್ತರ. ಕೆಲಸಗಾರ ಬಿದ್ದರೆ ನೆಲವೇ ಗತಿ.

ಸೋಲಾಪುರದಲ್ಲಿಯೂ ದೊಡ್ಡ ಗಿರಣಿಗಳು ಹೋಗಿ ಚಾದರು, ಟವೆಲ್ಲಿನ ಪವರ್‌ಲೂಮು ಉಳಿದವು. ಅಲ್ಲಿಯೂ ಲೆಕ್ಕ ಹಳೆಯದೇ. ಆರ್ಡರು ಬಂದಾಗ ಹಗಲು ರಾತ್ರಿ ಖಟಪಟ, ಆರ್ಡರು ನಿಂತಾಗ ಮಗ್ಗಕ್ಕೆ ಬಿಡುವು. ಬದಲಾದದ್ದು ಒಂದೇ. ಕೂಲಿ ಈಗ ತೆಗೆದ ಮಾಲಿನ ಲೆಕ್ಕದ ಮೇಲೆ. ಹಾಗಾಗಿ ಮಗ್ಗ ನಿಂತ ದಿನದ ನಷ್ಟಕ್ಕೆ ಹೆಸರೂ ಇಲ್ಲ, ಕಾಗದವೂ ಇಲ್ಲ. ಹಿಂದೆ ಬದಲಿಗಳು ಕೆಲವರಿದ್ದರು. ಈಗ ಹೆಚ್ಚುಕಡಿಮೆ ಎಲ್ಲರೂ ಬದಲಿಗಳೇ. ನಮ್ಮ ಸುತ್ತಿನ ಸಕ್ಕರೆ ಕಾರ್ಖಾನೆಗಳನ್ನೂ ನೋಡಿರಿ. ಕಾರ್ಖಾನೆ ಮೇಲೆ ಕಾರ್ಖಾನೆ ಎದ್ದಿವೆ, ಮಳೆ ಕೈಕೊಟ್ಟ ವರ್ಷ ಅವುಗಳ ಬಾಯಿಗೆ ಸಾಲುವಷ್ಟು ಕಬ್ಬೇ ಇರುವುದಿಲ್ಲ. ಅಲ್ಲಿ ಕೊರತೆ ಗಿರಾಕಿಯದಲ್ಲ, ಕಬ್ಬಿನದು. ಆದರೂ ಹಂಗಾಮು ಬೇಗ ಮುಗಿದರೆ ಉಚಲ್ ತೀರದೆ ಉಳಿಯುವುದು ಕಬ್ಬು ಕಡಿಯುವ ಜೋಡಿಯದೇ.

ಯುವಕ ಯುವತಿಯರಿಗೆ

ಇಷ್ಟೆಲ್ಲ ಓದಿ 'ನಮಗೇನು, ಗಿರಣಿ ಕಾಲ ಮುಗಿಯಿತು' ಎನ್ನಬೇಡಿರಿ. ಪುಣೆಯ ಕಾರಿನ ಕಾರ್ಖಾನೆಗೋ, ಮುಂಬೈಯ ಗೋದಾಮಿಗೋ ನೀವು ಹೋಗುತ್ತೀರಿ. ಅಲ್ಲಿಯೂ ಒಂದು ದಿನ 'ಮಾಲು ಹೋಗುತ್ತಿಲ್ಲ' ಎಂಬ ಮಾತು ಬರುತ್ತದೆ. ಅಂದು ತಲೆ ತಗ್ಗಿಸಿ ಹೊರಗೆ ಬರುವ ಮೊದಲು ಈ ಲೇಖನದ ಆರಂಭದ ಮೂರು ಪ್ರಶ್ನೆ ಕೇಳಿರಿ. ಯಂತ್ರ ಕೂಡಿಸಿದವರು ಯಾರು, ಲಾಭದ ಕಾಲದ ರೊಕ್ಕ ಎಲ್ಲಿ, ಮೊದಲು ಹೊರಗೆ ಹೋಗುವವರ ಪಟ್ಟಿ ಯಾವ ಲೆಕ್ಕದಲ್ಲಿ ತಯಾರಾಯಿತು. ಕೇಳಲು ಕೈಯಲ್ಲಿ ಕಾಗದ ಬೇಕು. ಹಾಜರಿ ಕಾರ್ಡು, ಪಗಾರ ಚೀಟಿ, ಪಿ.ಎಫ್. ನಂಬರು, ನೇಮಕಾತಿ ಪತ್ರ ಇವನ್ನು ಆಧಾರ್ ಕಾರ್ಡಿನಷ್ಟೇ ಜೋಪಾನವಾಗಿ ಇಡಿರಿ. ಗುತ್ತಿಗೆದಾರ ಚೀಟಿ ಕೊಡದಿದ್ದರೆ ದುಡಿದ ದಿನಗಳನ್ನು ನೀವೇ ವಹಿಯಲ್ಲಿ ಬರೆದಿಡಿರಿ.

ಇನ್ನೊಂದು ಮಾತು. ಒಂದೇ ಬಾಗಿಲ ಮುಂದೆ ನಿಲ್ಲಬೇಡಿರಿ. 1928ರಲ್ಲಿ ಬಾಬಾಸಾಹೇಬರು ಕೇಳಿದ್ದು ಪಗಾರದಲ್ಲಿ ನಾಲ್ಕು ಕಾಸು ಹೆಚ್ಚು ಎಂದಲ್ಲ, ಎಲ್ಲ ಖಾತೆಗಳ ಬಾಗಿಲು. ಒಂದು ಕೆಲಸ ಕಲಿತವನು ಆ ಕೆಲಸ ನಿಂತಾಗ ನಿಲ್ಲುತ್ತಾನೆ. ಎರಡು ಕಲಿತವಳು ಇನ್ನೊಂದು ಬಾಗಿಲು ಬಡಿಯುತ್ತಾಳೆ. ಬಡಿದರೂ ತೆರೆಯದ ಬಾಗಿಲು ಇದ್ದರೆ, ಅದನ್ನು ಒಬ್ಬರೇ ಬಡಿಯದೆ ಎಲ್ಲರೂ ಕೂಡಿ ಬಡಿಯಲು ಸಂಘ ಬೇಕು. ನಮ್ಮ ಸಂಘ ಇರುವುದು ಅದಕ್ಕೇ.

ಜೈಭೀಮ್.